ಮೆಕ್ಕೆಜೋಳದ 0.75 ಶುಂಠಿಗೆ ಯಾಕೆ?

ಹೋದ ವಾರ ಸಾಗರದ ಕಡೆಯಿಂದ ಇಬ್ಬರು ಹುಡುಗರು ಬಂದಿದ್ದರು. ಶುಂಠಿಗೆ ಎರಡು ಬಗೆಯ ಗೊಬ್ಬರ ಹಾಕಿ, ಯಾವುದರಲ್ಲಿ ಎಲೆ ಜಾಸ್ತಿ ಬಂತು ಎಂದು ಅಳೆದಿದ್ದರು. ಪುಸ್ತಕ ಚೊಕ್ಕವಾಗಿತ್ತು. ಎಲೆಯ ಉದ್ದ, ಅಗಲ, ಪಕ್ಕದಲ್ಲಿ ಪ್ರತಿ ಸಾಲಿಗೂ 0.75. ಮೂರನ್ನೂ ಗುಣಿಸಿ ಎಲೆಯ ವಿಸ್ತೀರ್ಣ ಬರೆದಿದ್ದರು.

"ಈ 0.75 ಎಲ್ಲಿಂದ ಬಂತಪ್ಪಾ?" ಎಂದು ಕೇಳಿದೆ.

"ಅದು ಸೂತ್ರ ಸಾರ್."

ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಳುಮೆಣಸಿನವರೂ ಇದನ್ನೇ ಹೇಳುತ್ತಾರೆ, ಕಾಫಿಯವರೂ ಇದನ್ನೇ ಹೇಳುತ್ತಾರೆ. 0.75 ಮೆಕ್ಕೆಜೋಳದ ಅಂಕೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಮಾಂಟ್‌ಗೊಮರಿ ಎಂಬವರು 1911ರಲ್ಲಿ ಮೆಕ್ಕೆಜೋಳದ ಎಲೆಗೆ ಕಂಡುಕೊಂಡ ಲೆಕ್ಕ ಅದು. ಶಿಕಾರಿಪುರದ ಮೆಕ್ಕೆಜೋಳದ ಹೊಲದಲ್ಲಿ ಅದನ್ನು ಬಳಸಿದರೆ ನನ್ನ ತಕರಾರಿಲ್ಲ. ಶುಂಠಿಗೆ ಯಾಕೆ?

ಊಟದ ಎಲೆ ನೆನಪಿಸಿಕೊಳ್ಳಿ. ಒಂದು ಕುಡಿ ಬಾಳೆಎಲೆ, ಇನ್ನೊಂದು ನಡುವಿನಿಂದ ಕತ್ತರಿಸಿದ ತುಂಡು ಎಲೆ. ಎರಡರ ಉದ್ದವೂ ಒಂದೇ, ಅತಿ ಅಗಲದ ಜಾಗದಲ್ಲಿ ಅಗಲವೂ ಒಂದೇ ಎಂದಿಟ್ಟುಕೊಳ್ಳಿ. ಬಡಿಸಲು ಜಾಗ ಯಾವುದರಲ್ಲಿ ಜಾಸ್ತಿ? ತುಂಡು ಎಲೆಯಲ್ಲಿ ತಾನೆ. ಕುಡಿಯ ಕಡೆ ಎಲೆ ಸಣ್ಣದಾಗುತ್ತಾ ಹೋಗುತ್ತದೆ. ಉದ್ದವನ್ನು ಅಗಲದಿಂದ ಗುಣಿಸಿದಾಗ ನಾವು ಎಲೆಯ ಸುತ್ತ ಒಂದು ಆಯತ ಬರೆದ ಹಾಗೆ. ಆ ಆಯತದಲ್ಲಿ ಎಲೆ ಎಷ್ಟು ಪಾಲು ತುಂಬಿದೆ ಎಂಬುದೇ ಈ ಗುಣಕ. ಎಲೆ ಪೂರ್ತಿ ಆಯತವಾಗಿದ್ದರೆ 1. ಮೊಟ್ಟೆಯಂಥ ದೀರ್ಘವೃತ್ತವಾದರೆ 0.785. ತ್ರಿಕೋನವಾದರೆ 0.5. ಅಂದರೆ ಗುಣಕ ಎಲೆಯ ಆಕಾರವನ್ನು ಹೇಳುತ್ತದೆ. ಆಕಾರ ಬದಲಾದರೆ ಅದೂ ಬದಲಾಗಲೇಬೇಕು, ಅಲ್ವಾ?

ಒಂದೇ ಬೆಳೆಯಲ್ಲೂ ಬದಲಾಗುತ್ತದೆ. ಭತ್ತಕ್ಕೆ ಸಾಮಾನ್ಯವಾಗಿ 0.75 ಹಿಡಿಯುತ್ತಾರೆ, ಆದರೆ ಸಸಿ ಹಂತದಲ್ಲೂ ಕೊಯ್ಲಿನ ಹೊತ್ತಿಗೂ 0.67. ಆಗಲೂ 0.75 ಹಾಕಿದರೆ ಇಲ್ಲದ ಎಲೆಯನ್ನು ನೂರಕ್ಕೆ 12ರಷ್ಟು ಸೇರಿಸಿದ ಹಾಗಾಯಿತು.

"ಎರಡೂ ಗೊಬ್ಬರದ ಸಾಲಿಗೆ ಅದೇ ಗುಣಕ ಹಾಕಿದ್ದೇವಲ್ಲ ಸಾರ್, ತಪ್ಪಿದ್ದರೆ ಎರಡರಲ್ಲೂ ತಪ್ಪು" ಎಂದು ಆ ಹುಡುಗರಲ್ಲಿ ಒಬ್ಬ ವಾದಿಸಿದ. ಜಾಣ ಹುಡುಗ. ಒಂದೇ ತಳಿ, ಒಂದೇ ಹಂತ, ಎಲೆಯ ಆಕಾರವೂ ಒಂದೇ ಆಗಿದ್ದರೆ ಅವನ ಮಾತು ಸರಿ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಹೇಳಬಹುದು. ಆದರೆ ತಳಿ ಬೇರೆಯಾದರೆ ಆ ಮಾತು ನಿಲ್ಲುವುದಿಲ್ಲ. ಕಾಳುಮೆಣಸಿನ ಎರಡು ತಳಿ ನೋಡಿ. ಪನ್ನಿಯೂರು-1ರ ಎಲೆ ದೊಡ್ಡದು, ಬುಡದಲ್ಲಿ ಹೃದಯದ ಆಕಾರ. ಕರಿಮುಂಡದ ಎಲೆ ಸಣ್ಣದು, ಬೇರೆ ರೂಪ. ಎರಡಕ್ಕೂ ಒಂದೇ ಗುಣಕ ಹಾಕಿ, ಈ ತಳಿಯಲ್ಲಿ ಎಲೆ ಜಾಸ್ತಿ ಎಂದರೆ ನಾನು ಒಪ್ಪಲಾರೆ. ಸಾವಿರ ಎಲೆ ಅಳೆದರೂ ಈ ತಪ್ಪು ಕರಗುವುದಿಲ್ಲ. ತಕ್ಕಡಿಯ ಕಲ್ಲೇ ತಪ್ಪಿದ್ದರೆ ಎಷ್ಟು ಸಲ ತೂಗಿ ಏನು ಮಾಡುವುದು?

ನಿಮ್ಮ ಗುಣಕವನ್ನು ನೀವೇ ಕಂಡುಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ. ಅಂಚಿನ ಸಾಲಿನ ಗಿಡಗಳಿಂದ ಸುಮಾರು 50 ಎಲೆ ತನ್ನಿ. ಪ್ರಯೋಗದಲ್ಲಿ ಅಳೆಯಲೆಂದು ಗುರುತು ಹಾಕಿದ ಗಿಡಗಳನ್ನು ಮಾತ್ರ ಮುಟ್ಟಬೇಡಿ. ಚಂದದ ದೊಡ್ಡ ಎಲೆಗಳನ್ನಷ್ಟೇ ಆರಿಸಬೇಡಿ, ಸಣ್ಣದು, ದೊಡ್ಡದು, ಬುಡದ್ದು, ತುದಿಯದ್ದು ಎಲ್ಲ ಇರಲಿ. ತೊಟ್ಟು ಬಿಟ್ಟು ಉದ್ದ ಅಳೆಯಿರಿ. ಅತಿ ಅಗಲವಾದ ಕಡೆ, ನಡುನರಕ್ಕೆ ಅಡ್ಡಲಾಗಿ ಅಗಲ ಅಳೆಯಿರಿ. ಆಮೇಲೆ ಎಲೆಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಕಾಗದವನ್ನು ಆ ಆಕಾರಕ್ಕೆ ಕತ್ತರಿಸಿ. ಅದೇ ಕಟ್ಟಿನ ಕಾಗದದಲ್ಲಿ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ಚೌಕವನ್ನೂ ಕತ್ತರಿಸಿ. ಎಲೆಯಾಕಾರದ ಕಾಗದಗಳನ್ನೂ ಚೌಕವನ್ನೂ ಬೇರೆಬೇರೆಯಾಗಿ ಚಿನ್ನ ತೂಗುವಂಥ ತಕ್ಕಡಿಯಲ್ಲಿ ತೂಗಿ. ಚೌಕದ ತೂಕ 100 ಚದರ ಸೆಂಟಿಮೀಟರಿಗೆ ಸಮ. ಅದರಿಂದ ಎಲೆಗಳ ವಿಸ್ತೀರ್ಣ ಸಿಗುತ್ತದೆ. ಅದನ್ನು ಉದ್ದ-ಅಗಲದ ಗುಣಲಬ್ಧಗಳ ಮೊತ್ತದಿಂದ ಭಾಗಿಸಿದರೆ ನಿಮ್ಮ ಗುಣಕ ಬಂತು.

75 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 75 ಗ್ರಾಂ ತೂಗುವ ಕಾಗದದ ಆ ಚೌಕ ಲೆಕ್ಕದ ಪ್ರಕಾರ 0.75 ಗ್ರಾಂ ತೂಗಬೇಕು. ಹಾಗಂತ ತೂಗದೆ ಬರೆದುಕೊಳ್ಳಬೇಡಿ. ಆಷಾಢದಲ್ಲಿ ನಮ್ಮ ಕಡೆ ಕಾಗದ ತೇವ ಕುಡಿದು ಮೆತ್ತಗಾಗಿರುತ್ತದೆ, ತೂಕ ಏರುತ್ತದೆ. ಎಲೆಯ ಕಾಗದದ ಜೊತೆಗೇ ಚೌಕವನ್ನೂ ತೂಗಿದರೆ ಚಿಂತೆಯಿಲ್ಲ.

ಇಷ್ಟೆಲ್ಲ ಯಾಕೆ, ಪ್ರತಿ ಸಲ ಎಲೆಯನ್ನೇ ಕಿತ್ತು ಅಳೆದರಾಯಿತಲ್ಲ ಎನ್ನುವವರೂ ಇದ್ದಾರೆ. ಗುರುತಿನ ಶುಂಠಿ ಗಿಡಗಳಿಂದಲೇ ಹದಿನೈದು ದಿನಕ್ಕೊಮ್ಮೆ ಎಲೆ ಕಿತ್ತ ಒಬ್ಬ ವಿದ್ಯಾರ್ಥಿ, ಕೊನೆಗೆ ಗೊಬ್ಬರದಿಂದ ಏನೂ ಆಗಲಿಲ್ಲ ಎಂದು ಬರೆದ. ಗಿಡಕ್ಕೆ ಊಟ ಮಾಡಿಕೊಡುವ ಎಲೆಯನ್ನೇ ಕಿತ್ತರೆ ಅದು ಬೆಳೆಯುವುದು ಹೇಗೆ? ಆ ಹುಡುಗನ ಒಂದು ವರ್ಷ ಹೋಯಿತು. ನನಗೆ ಈಗಲೂ ಬೇಜಾರಿದೆ.

ಅಡಿಕೆಯದ್ದು ಬೇರೆಯೇ ಕಥೆ. ಸೋಗೆಯಲ್ಲಿ ಗರಿಗಳನ್ನು ಎಣಿಸಿ, ಬುಡ, ನಡು, ತುದಿಯ ಕೆಲವನ್ನು ಅಳೆಯಬೇಕು. ಬಿದ್ದ ಸೋಗೆ ಮಾತ್ರ ಬೇಡ, ಅದು ಒಣಗಿ ಸುರುಟಿರುತ್ತದೆ.

ಹೊಸನಗರದ ಹತ್ತಿರ ಒಬ್ಬರು ಅಕ್ಕ ಇದ್ದಾರೆ. ಮೆಣಸಿನ ಬಳ್ಳಿಯ ಇಪ್ಪತ್ತು ಎಲೆಗೆ ಕೆಂಪು ನೂಲು ಕಟ್ಟಿ, ಬಟ್ಟೆ ಹೊಲಿಯುವ ಟೇಪಿನಲ್ಲಿ ಅಳೆಯುತ್ತಾರೆ. ಪೆನ್ನಿನ ಬರಹ ಮಳೆಗೆ ಅಳಿಸಿಹೋಯಿತೆಂದು ಈಗ ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಗುಣಕವನ್ನೂ ಅವರೇ ತೆಗೆದರು. ಪಕ್ಕದ ತೋಟದವರು ಬಂದು ಆ ಅಂಕೆ ಕೇಳಿದರಂತೆ. "ನಿಮ್ಮದು ಬೇರೆ ತಳಿ ಮಾರಾಯ್ರೆ, ಇದು ನಿಮಗೆ ಆಗೂದಿಲ್ಲ" ಎಂದು, ಕಾಗದದ ಕಟ್ಟನ್ನೂ ಕತ್ತರಿಯನ್ನೂ ಕೊಟ್ಟು ಕಳಿಸಿದರಂತೆ.