ಕ್ರಿಂಪಿಂಗ್ ಟೂಲ್ ಒತ್ತಿದಾಗ ಒಳಗೆ ಏನಾಗುತ್ತದೆ?

ಗಿಗಾಬಿಟ್ (1000 ಎಂಬಿಪಿಎಸ್) ಪ್ಲಾನ್ ಹಾಕಿಸಿದರೂ ನೆಟ್‌ವರ್ಕ್ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ವೇಗ 100 ಎಂಬಿಪಿಎಸ್ ದಾಟುವುದಿಲ್ಲ. ಬೈಗುಳವೆಲ್ಲ ರೂಟರಿಗೆ. ಎಷ್ಟೋ ಸಲ ತೊಂದರೆ ಇರುವುದು ಕೇಬಲ್ಲಿನ ತುದಿಯಲ್ಲಿ. ಒಳಗಿರುವುದು 8 ತಂತಿ, ಅಂದರೆ 4 ಜೋಡಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿಯದೋ ಕಂದಿನದೋ ಒಂದು ತಂತಿ ಸರಿಯಾಗಿ ಕೂರದಿದ್ದರೆ ಸಾಕು, ವೇಗ ಸದ್ದಿಲ್ಲದೆ ಇಳಿಯಬಹುದು.

ಈ ತುದಿಗೆ ಬೆಸುಗೆಯಿಲ್ಲ, ಸ್ಕ್ರೂ ಇಲ್ಲ. ಪ್ಲಗ್ಗನ್ನು ಕೇಬಲ್ಲಿಗೆ ಒತ್ತಿ ಕೂರಿಸುವ ಇಕ್ಕಳದಂಥ ಕ್ರಿಂಪಿಂಗ್ ಟೂಲ್ ಸಾಕು. ಆರ್‌ಜೆ45 ಎಂಬ ಕೇಬಲ್ ತುದಿಯ ಪ್ಲಗ್ಗಿನಲ್ಲಿ ಚಿನ್ನದ ಲೇಪದ 8 ಪುಟ್ಟ ಬ್ಲೇಡುಗಳಿವೆ. ಟೂಲ್ ಒತ್ತಿದಾಗ ಅವು ಕೆಳಗಿಳಿದು, ಪ್ಲಾಸ್ಟಿಕ್ ಹೊದಿಕೆ ಸೀಳಿ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಾಮ್ರವನ್ನು ಕಚ್ಚಿ ಹಿಡಿಯುತ್ತವೆ. ಹಿಡಿತ ಬಿಗಿಯಾಗಿದ್ದರೆ ಅಲ್ಲಿಗೆ ಗಾಳಿ ನುಗ್ಗುವುದಿಲ್ಲ, ಕಿಲುಬೂ ಕಟ್ಟುವುದಿಲ್ಲ. ಅರೆಬರೆ ಒತ್ತಿದ್ದು ಇವತ್ತು ನಡೆದರೂ ನಾಲ್ಕು ತಿಂಗಳಿಗೆ ಕೈಕೊಡಬಹುದು. ಹಾಗಾಗಿ ರ‍್ಯಾಚೆಟ್ ಇರುವ ಟೂಲನ್ನೇ ಕೊಳ್ಳಿ. ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ.

ಪ್ಲಗ್ಗೂ ತಂತಿಗೆ ಹೊಂದಬೇಕು. ಗೋಡೆಯೊಳಗೆ ಎಳೆಯುವ ಕೇಬಲ್ಲಿನ ಪ್ರತಿ ತಂತಿಯಲ್ಲೂ ಒಂದೇ ಗಟ್ಟಿ ಎಳೆ ಇರುತ್ತದೆ, ಬಗ್ಗುವ ಪ್ಯಾಚ್ ಕೇಬಲ್ಲಿನಲ್ಲಿ ಹಲವು ನವಿರು ಎಳೆಗಳು. ಎರಡಕ್ಕೂ ಬ್ಲೇಡಿನ ಆಕಾರವೇ ಬೇರೆ. ತಂತಿ ಮುಂದಿನಿಂದ ಹೊರಬರುವ ಪಾಸ್‌ಥ್ರೂ ಪ್ಲಗ್ಗಿಗೆ ತುದಿಯನ್ನು ಸಮವಾಗಿ ಕತ್ತರಿಸುವ ಟೂಲೇ ಬೇಕು. ಗೋಡೆಯ ಜಾಕ್‌ಗೆ ಪಂಚ್‌ಡೌನ್ ಟೂಲ್, ಅಂದರೆ ತಂತಿಯನ್ನು ಜಾಕಿನ ಸೀಳಿಗೆ ತಳ್ಳಿ ಕೂರಿಸುವ ಸಾಧನ. ಸ್ಕ್ರೂಡ್ರೈವರಿನಿಂದ ತಳ್ಳಿದರೆ ಜಾಕ್ ಕೆಟ್ಟಿತು ಅಂತಲೇ ಲೆಕ್ಕ.

ಇನ್ನು ತಿರುಚು. ಜೋಡಿ ತಂತಿಯನ್ನು ಹೆಣೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ತಗಲುತ್ತದೆ. ಆ ಕಡೆಯ ಉಪಕರಣ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ತುದಿಯಲ್ಲಿ 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬಾರದು ಅನ್ನುವುದು ಇದಕ್ಕೇ.

ಇಲ್ಲೇ ಒಂದು ಮೋಜಿನ ಮೋಸವಿದೆ. ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿಗಳನ್ನು ಸುಮ್ನೆ ಸಾಲಾಗಿ ಜೋಡಿಸಿದಿರಿ ಅನ್ನಿ, ಎರಡೂ ತುದಿಯಲ್ಲಿ ಹಾಗೇ. ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಕ್ರಮವಾಗಿ ಹೊತ್ತುತ್ತವೆ. ಆದರೆ 3 ಮತ್ತು 6ನೇ ಪಿನ್ (ಪ್ಲಗ್ಗಿನ ಬ್ಲೇಡ್) ಒಂದು ಜೋಡಿಯಾಗಿರಬೇಕು, ಅಲ್ವಾ? ಈಗ ಅಲ್ಲಿ ಬೇರೆ ಬೇರೆ ಜೋಡಿಯ ತಂತಿಗಳಿವೆ. ತಿರುಚು ಇದ್ದೂ ಇಲ್ಲದಂತೆ. ದೀಪದ ಟೆಸ್ಟರ್ ತಂತಿ ತುಂಡಾಗಿಲ್ಲ, ಎರಡು ತುದಿಯ ಕ್ರಮ ಒಂದೇ ಅನ್ನುವುದನ್ನಷ್ಟೇ ಹೇಳಬಲ್ಲದು. ಹತ್ತಾರು ಕಡೆಗೆ ಕೇಬಲ್ ಎಳೆಸುವವರು ಜೋಡಿ ಅದಲುಬದಲಾದದ್ದನ್ನೂ ಹಿಡಿಯುವ ಟೆಸ್ಟರ್ ಇರುವವರಿಗೇ ಕೆಲಸ ಕೊಡುವುದು ಒಳ್ಳೆಯದು. ಮನೆಯ ಒಂದೆರಡು ಕೇಬಲ್ಲಿಗೆ ಅಷ್ಟೆಲ್ಲ ಬೇಡ, 3 ಮತ್ತು 6ಕ್ಕೆ ಒಂದೇ ಜೋಡಿ ಬರುವ ಬಣ್ಣದ ಕ್ರಮ ನೋಡಿಕೊಂಡರೆ ಸಾಕು.