ಕ್ಲಚ್ ಪೆಡಲ್ ಸ್ವಿಚ್: ಬದಲಿಸುವ ಮುಂಚೆ ಅಳೆದು ನೋಡಿ

ಕ್ಲಚ್ ಪೂರ್ತಿ ಒತ್ತಿ ಕೀ ತಿರುಗಿಸಿದರೂ ಗಾಡಿ ಸೆಲ್ಫ್ ತಗೊಳ್ಳುತ್ತಿಲ್ಲ. ಹಾರ್ನ್ ಮಾತ್ರ ಜೋರಾಗಿಯೇ ಹೊಡೆಯುತ್ತಿದೆ, ಅಂದರೆ ಬ್ಯಾಟರಿ ಪೂರ್ತಿ ಸತ್ತಿಲ್ಲ. ಇಂಥ ಗಾಡಿ ಬಂದರೆ, ಕ್ಲಚ್ ಒತ್ತಿದ್ದನ್ನು ಗಾಡಿಗೆ ತಿಳಿಸುವ ಕ್ಲಚ್ ಪೆಡಲ್ ಸ್ವಿಚ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಅನುಮಾನ ಬಂತು ಅಂತ ಸೀದಾ ಬೆಂಗಳೂರಿನ ಜೆಸಿ ರೋಡಿನ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಸ್ವಿಚ್ ತರಬೇಡಿ. ಅಳೆಯದೆ ಬದಲಿಸಿದರೆ ದುಡ್ಡೂ ಹೋಗುತ್ತೆ, ತೊಂದರೆಯೂ ಹಾಗೇ ಉಳಿಯುತ್ತೆ.

ಮೊದಲು ಒಂದು ವಿಷಯ ತಿಳಿದಿರಲಿ. ಪೆಡಲ್ ಹತ್ತಿರ ಒಂದೇ ಸ್ವಿಚ್ ಇರುತ್ತದೆ ಅನ್ನುವ ಹಾಗಿಲ್ಲ. ಕೆಲವು ಗಾಡಿಗಳಲ್ಲಿ ಎರಡು ಇರುತ್ತವೆ. ಪೆಡಲ್ ತಳ ಮುಟ್ಟಿದಾಗ ಕೆಲಸ ಮಾಡುವುದು ಸ್ಟಾರ್ಟ್ ಸ್ವಿಚ್. ಅದು ಸೇರಿಕೊಂಡರೆ ಮಾತ್ರ ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ಟಾರ್ಟರ್ ರಿಲೇಗೆ ಅಪ್ಪಣೆ. ಮೇಲ್ಗಡೆ ಇರುವ ಇನ್ನೊಂದು, ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಸುದ್ದಿ ಕೊಡುತ್ತದೆ. ಅದು ಕೆಟ್ಟರೆ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಕ್ರೂಸ್ ಕಂಟ್ರೋಲ್ ಹಿಡಿಯುವುದಿಲ್ಲ, ಗೇರ್ ಬದಲಿಸುವಾಗ ಆರ್‌ಪಿಎಂ ಸುಮ್ಮನೆ ಏರುತ್ತದೆ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ, ಕ್ಲಚ್ ಒತ್ತಿದಾಗ ಮತ್ತೆ ಆನ್ ಆಗುವ ಗಾಡಿಯಾದರೆ ಆ ಸೌಲಭ್ಯವೂ ಕೈ ಕೊಡಬಹುದು. ಸ್ಕ್ಯಾನರ್ ಹಾಕಿದರೆ ಪಿ0704 ಅಥವಾ ಪಿ0830 ಕೋಡ್ ಕಾಣಬಹುದು. ಕೋಡ್ ಹೇಳುವುದು ಸರ್ಕ್ಯೂಟ್‌ನಲ್ಲಿ ದೋಷ ಇದೆ ಅಂತ. ಸ್ವಿಚ್ಚೇ ಕೆಟ್ಟಿದೆ ಅಂತಲ್ಲ.

ಇನ್ನು ಕಿವಿಗೆ ಕೆಲಸ. ಕೀ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂದು ದೀಪ ಮಂಕಾದರೆ ಅದು ಬಹುಪಾಲು ಬ್ಯಾಟರಿ ಅಥವಾ ಟರ್ಮಿನಲ್ ಕಥೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ಆಫ್ ಇದ್ದಾಗ, ಸುಮಾರು 12.6 ವೋಲ್ಟ್ ತೋರಿಸಬೇಕು. ಸದ್ದೇ ಇಲ್ಲ, ದೀಪವೂ ಮಂಕಾಗಲಿಲ್ಲ ಅಂದರೆ ಸ್ಟಾರ್ಟರ್ ತನಕ ಅಪ್ಪಣೆಯೇ ಹೋಗಿಲ್ಲ ಅಂದುಕೊಳ್ಳಬಹುದು. ಆಗ ಫ್ಯೂಸ್, ರಿಲೇ ನೋಡಿಕೊಂಡು ಪೆಡಲ್ ಕಡೆಗೆ ಬನ್ನಿ. ಬಟನ್ ಸ್ಟಾರ್ಟ್ ಗಾಡಿಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ: ಕ್ಲಚ್ ಒತ್ತಿ ಬಟನ್ ಒತ್ತಿದರೂ ಎಂಜಿನ್ ತಿರುಗದೆ ಬರೀ ಇಗ್ನಿಷನ್ ಆನ್ ಆಗುತ್ತಿದ್ದರೆ, ಕ್ಲಚ್ ಒತ್ತಿದ್ದು ಗಾಡಿಗೆ ಗೊತ್ತೇ ಆಗಿಲ್ಲ.

ಮೀಟರ್ ತೆಗೆಯುವ ಮುಂಚೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ. ಮ್ಯಾಟ್ ಮಡಚಿಕೊಂಡು ಪೆಡಲ್ ಕೆಳಗೆ ಸಿಕ್ಕಿದೆಯಾ ನೋಡಿ. ನಗಬೇಡಿ, ಇದೂ ಆಗುತ್ತೆ. ಆಮೇಲೆ ಪೆಡಲ್ ತೋಳಿನ ಮೇಲಿರುವ ಸ್ಟಾಪರ್ ನೋಡಿ. ಬೆರಳ ತುದಿಯಷ್ಟು ಚಿಕ್ಕ ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಅದು. ಸ್ವಿಚ್ಚಿನ ಕಡ್ಡಿ ಅದರ ಮೇಲೆಯೇ ಒತ್ತಬೇಕು. ಹಳೆಯದಾದಂತೆ ಅದು ಗಟ್ಟಿಯಾಗಿ, ಒಡೆದು, ಪುಡಿಪುಡಿಯಾಗಿ ಮ್ಯಾಟ್ ಮೇಲೆ ಬಿದ್ದಿರುತ್ತದೆ. ಸ್ಟಾಪರ್ ಇದ್ದ ಜಾಗದಲ್ಲಿ ಬರೀ ತೂತು ಉಳಿದು, ಕಡ್ಡಿ ಅದರೊಳಗೆ ನುಗ್ಗುತ್ತದೆ. ಸ್ವಿಚ್ ಚೆನ್ನಾಗಿಯೇ ಇದೆ, ಅದನ್ನು ಒತ್ತುವವರೇ ಇಲ್ಲ! ಇದಕ್ಕೆ ಹೊಸ ಸ್ಟಾಪರ್ ಸಾಕು. ಕಪ್ಲರ್ (ಸ್ವಿಚ್ಚಿಗೆ ವೈರ್ ಸೇರಿಸುವ ಪ್ಲಗ್) ಬಿಚ್ಚಿ ಪಿನ್ನುಗಳನ್ನೂ ನೋಡಿ. ಮಳೆಗಾಲದಲ್ಲಿ ಬೇಸ್‌ಮೆಂಟ್‌ಗೆ ನೀರು ನುಗ್ಗಿ ನೆನೆದ ಗಾಡಿಗಳಲ್ಲಿ ಪಿನ್ ಹಸಿರುಗಟ್ಟಿರುವ ಸಾಧ್ಯತೆ ಜಾಸ್ತಿ.

ಈಗ ಅಳತೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಇಗ್ನಿಷನ್ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಮೀಟರನ್ನು ಓಮ್ಸ್‌ಗೆ (ರೆಸಿಸ್ಟೆನ್ಸ್ ಅಳತೆಗೆ) ಇಡಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ. ಬರುವ ಸಣ್ಣ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಅದು ಮೀಟರಿನ ವೈರಿನದ್ದು. ಆಮೇಲೆ ಸ್ವಿಚ್ಚಿನ ಎರಡು ಪಿನ್ನಿಗೆ ಹಿಡಿಯಿರಿ. ಸಾಮಾನ್ಯವಾಗಿ ಸ್ಟಾರ್ಟ್ ಸ್ವಿಚ್ ಪೆಡಲ್ ಒತ್ತಿದಾಗ ಸೊನ್ನೆಯ ಹತ್ತಿರ ತೋರಿಸಬೇಕು, ಬಿಟ್ಟಾಗ ತೆರೆದಿರಬೇಕು, ಅಂದರೆ ಸಂಪರ್ಕ ಇರಬಾರದು. ಮೇಲಿನ ಸ್ವಿಚ್ ಇದಕ್ಕೆ ಉಲ್ಟಾ ಇರಬಹುದು, ಆ ಮಾಡೆಲ್‌ನ ವೈರಿಂಗ್ ಡಯಾಗ್ರಾಂ ನೋಡಿಕೊಳ್ಳಿ. ಒಮ್ಮೆ ಸೊನ್ನೆ ಕಂಡ ಮೇಲೆ ಮೀಟರ್ ಎತ್ತಿಡುವವರೇ ಜಾಸ್ತಿ. ಹಾಗೆ ಮಾಡಬೇಡಿ. ಮೀಟರಿನ ಕಡ್ಡಿ ಹಿಡಿದುಕೊಂಡೇ ಪೆಡಲನ್ನು ಹಲವು ಸಲ ಒತ್ತಿ, ಅಕ್ಕಪಕ್ಕ ಅಲುಗಾಡಿಸಿ. ಅಂಕಿ ಒಮ್ಮೆ ಸೊನ್ನೆ, ಒಮ್ಮೆ ಹತ್ತಾರು ಓಮ್ ಅಂತ ಕುಣಿದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ ಅಥವಾ ಸುಟ್ಟಿದೆ. ‘ಬೆಳಗ್ಗೆ ಸ್ಟಾರ್ಟ್ ಆಗುತ್ತೆ, ಸಂಜೆ ಆಗಲ್ಲ’ ಅನ್ನುವ ಗಾಡಿಗಳು ಸಿಕ್ಕಿಬೀಳುವುದು ಇಲ್ಲೇ. ಮೂರು ನಾಲ್ಕು ಪಿನ್ ಇರುವ ಸ್ವಿಚ್, ಸೆನ್ಸರ್‌ಗಳಿಗೆ ಡಯಾಗ್ರಾಂ ಇಲ್ಲದೆ ಕೈ ಹಾಕಬಾರದು.

ಸ್ವಿಚ್ ಸರಿಯಿದ್ದರೆ ಕಪ್ಲರಿನ ವೈರ್ ಕಡೆ ವೋಲ್ಟ್ ಅಳೆಯಿರಿ. ಸ್ವಿಚ್ ಪ್ಲಸ್ ಕಡೆ ಇದ್ದರೆ ಕೀ ಸ್ಟಾರ್ಟ್‌ನಲ್ಲಿದ್ದಾಗ ಒಂದು ವೈರಿನಲ್ಲಿ ಬ್ಯಾಟರಿ ವೋಲ್ಟೇಜ್ ಬರಬೇಕು. ಅರ್ತ್ (ಮೈನಸ್) ಕಡೆ ಇದ್ದರೆ ಒಂದು ವೈರ್ ಬಾಡಿಗೆ ಕನೆಕ್ಟ್ ಆಗಿರಬೇಕು.

‘ಅಣ್ಣಾ, ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಡಿ’ ಅನ್ನುವ ಗಿರಾಕಿಗೆ ಇಲ್ಲ ಅನ್ನಿ. ಎರಡು ಪಿನ್ ಸ್ವಿಚ್ಚಿನಲ್ಲಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಒಂದು ಕ್ಷಣ ಪರೀಕ್ಷೆಗೆ ಜೋಡಿಸುವುದು ಬೇರೆ. ಹಾಗೇ ಬಿಡುವುದು ಬೇರೆ. ನಮ್ಮೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇಳಿಜಾರು ಅಂತ ಫಸ್ಟ್ ಗೇರಿನಲ್ಲಿ ನಿಲ್ಲಿಸುವವರು ಬೇಕಾದಷ್ಟು ಜನ. ಮನೆಯವರು ಯಾರೋ ಬಂದು ಕ್ಲಚ್ ಒತ್ತದೆ ಸುಮ್ನೆ ಕೀ ತಿರುಗಿಸಿದರೆ ಗಾಡಿ ಗೋಡೆಗೆ ಹಾರುತ್ತದೆ.

ಬದಲಿಸುವ ಕೆಲಸ ಸುಲಭ, ಬಗ್ಗಿ ಕೂರುವುದೇ ಕಷ್ಟ. ಬ್ಯಾಟರಿ ಮೈನಸ್ ತೆಗೆಯಿರಿ. ಕಪ್ಲರ್ ಬಿಚ್ಚಿ, ಲಾಕ್ ನಟ್ ಸಡಿಲಿಸಿ ಸ್ವಿಚ್ ತಿರುಗಿಸಿ ತೆಗೆಯಿರಿ. ಕೆಲವು ಸ್ವಿಚ್ ಕಾಲು ಸುತ್ತು ತಿರುಗಿಸಿದರೇ ಬಿಟ್ಟುಕೊಳ್ಳುತ್ತವೆ. ಅಂಗಡಿಗೆ ಹಳೇ ಪೀಸ್ ತಗೊಂಡೇ ಹೋಗಿ. ಹೊರಗೆ ಒಂದೇ ಥರ ಕಂಡರೂ ಒಳಗಿನ ಕೆಲಸ ಉಲ್ಟಾ ಇರಬಹುದು. ಹೊಸದನ್ನು ಹಾಕುವಾಗ ಮೇಲಿನ ಸ್ವಿಚ್ ತೀರಾ ಕೆಳಗೆ ಬಂದರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ, ಕ್ಲಚ್ ಸ್ವಲ್ಪ ಒತ್ತಿದ ಹಾಗೇ ಉಳಿದು ಪ್ಲೇಟ್ ಸವೆಯುತ್ತದೆ. ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮುಂಚೆ ಪೆಡಲ್ ಸಲೀಸಾಗಿ ಆಡುವ ಸಡಿಲ) ಮುಂಚಿನಷ್ಟೇ ಇದೆಯಾ ಅಂತ ಕೈಯಿಂದ ಒತ್ತಿ ನೋಡಿ, ಆಮೇಲೆ ನಟ್ ಬಿಗಿ ಮಾಡಿ.

ಕೊನೆಗೆ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಮುಟ್ಟದೆ ಕೀ ತಿರುಗಿಸಿ. ಎಂಜಿನ್ ತಿರುಗಬಾರದು. ಪೂರ್ತಿ ಒತ್ತಿ ತಿರುಗಿಸಿ, ತಿರುಗಬೇಕು. ಎರಡೂ ಸರಿಯಾದ ಮೇಲೆ ಕೋಡ್ ಅಳಿಸಿ ಗಾಡಿ ಕೊಡಿ.