ಕಾಗೆ ಕೂತಿತ್ತು, ಕೊಂಬೆಯೂ ಮುರಿದಿತ್ತು: ಸಿಗರೇಟ್ ಬಿಡಿಸುವ ಮಾತ್ರೆಯ ಮೊಕದ್ದಮೆ

ಸಿಗರೇಟ್ ಬಿಟ್ಟ ಮೊದಲ ವಾರ ಆ ಮನುಷ್ಯನ ಹತ್ತಿರ ಮನೆಯವರೂ ಸುಳಿಯುವುದಿಲ್ಲ. ಮಾತೆತ್ತಿದರೆ ಸಿಡುಕು, ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ಮಂಕು. ಅದೇ ವಾರ ಆತ ಸಿಗರೇಟ್ ಬಿಡಿಸುವ ಮಾತ್ರೆಯನ್ನೂ ನುಂಗುತ್ತಿದ್ದರೆ, ಆ ಮಂಕಿಗೆ ಹೊಣೆ ಯಾರು? ಅಮೆರಿಕದಲ್ಲಿ ಈ ಪ್ರಶ್ನೆ ಸಾವಿರಾರು ಮೊಕದ್ದಮೆಗಳಾಗಿ ಬೆಳೆಯಿತು.

ಮಾತ್ರೆಯ ಹೆಸರು ವರೆನಿಕ್ಲಿನ್. 2006ರಲ್ಲಿ ಫೈಜರ್ ಕಂಪನಿ ಇದನ್ನು ಅಲ್ಲಿ 'ಚಾಂಟಿಕ್ಸ್' ಎಂದು ಮಾರುಕಟ್ಟೆಗೆ ತಂದಿತು. ಮೆದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಗ್ರಾಹಕಗಳಲ್ಲಿ ಇದು ಮೊದಲೇ ಹೋಗಿ ಕೂರುತ್ತದೆ. ಕೂತು, ಮೆದುಳಿಗೆ ಹಿತವೆನಿಸುವ ರಾಸಾಯನಿಕವಾದ ಡೋಪಮಿನ್ ಅನ್ನು ಸ್ವಲ್ಪವೇ ಸ್ವಲ್ಪ ಬಿಡುಗಡೆ ಮಾಡಿಸುತ್ತದೆ, ಹಾಗಾಗಿ ಚಡಪಡಿಕೆ ತಗ್ಗುತ್ತದೆ. ನಡುವೆ ಆಸೆಗೆ ಬಿದ್ದು ಒಂದು ಸೇದಿದರೂ ಜಾಗ ಭರ್ತಿಯಾಗಿರುವುದರಿಂದ ಮಜಾ ಹತ್ತುವುದಿಲ್ಲ. ಸಿಗರೇಟ್ ಬಿಡುವ ದಿನಕ್ಕೆ ಒಂದು ವಾರ ಮೊದಲು ಅರ್ಧ ಮಿಲಿಗ್ರಾಂನಿಂದ ಶುರುಮಾಡಿ, ದಿನಕ್ಕೆರಡು ಸಲ ಒಂದು ಮಿಲಿಗ್ರಾಂವರೆಗೆ ಏರಿಸುವುದು, ಒಟ್ಟು 12 ವಾರ ಮುಂದುವರಿಸುವುದು ವಾಡಿಕೆ. ಹೊಟ್ಟೆ ತೊಳಸುವುದು ಸಾಮಾನ್ಯ. ವಿಚಿತ್ರ ಕನಸುಗಳೂ ಬೀಳುತ್ತವೆ.

ಖಿನ್ನತೆ, ಆತ್ಮಹತ್ಯೆಯ ಯೋಚನೆಗಳ ದೂರುಗಳು ಬರತೊಡಗಿದ್ದು ಆಮೇಲೆ. 2008ರಲ್ಲಿ ಅಮೆರಿಕದ ಪೈಲಟ್‌ಗಳಿಗೆ ಈ ಮಾತ್ರೆ ನಿಷಿದ್ಧವಾಯಿತು. 2009ರಲ್ಲಿ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಕಪ್ಪು ಚೌಕಟ್ಟಿನೊಳಗಿನ ಕಠಿಣ ಎಚ್ಚರಿಕೆ ಹಾಕಿಸಿತು. ಅಲಬಾಮಾದ ಫೆಡರಲ್ ಕೋರ್ಟಿನಲ್ಲಿ ಒಟ್ಟುಗೂಡಿದ ಮೊಕದ್ದಮೆಗಳಲ್ಲಿದ್ದ ಮುಖ್ಯ ಆಕ್ಷೇಪ, ಅಪಾಯವನ್ನು ಸಕಾಲದಲ್ಲಿ ಸರಿಯಾಗಿ ತಿಳಿಸಲಿಲ್ಲ ಎನ್ನುವುದು. ಇಂಥ ಔಷಧಗಳಲ್ಲಿ ಕಂಪನಿ ಎಚ್ಚರಿಸಬೇಕಾದ್ದು ಸಾಮಾನ್ಯವಾಗಿ ರೋಗಿಯನ್ನಲ್ಲ, ಬರೆದುಕೊಡುವ ವೈದ್ಯರನ್ನು. ಅಲ್ಲಿನ ಬಹುತೇಕ ರಾಜ್ಯಗಳ ಕಾನೂನು ಹೇಳುವುದು ಹೀಗೆ. ಎಫ್‌ಡಿಎ ಒಪ್ಪಿದ ಲೇಬಲ್ ಇದೆಯೆಂದ ಮಾತ್ರಕ್ಕೆ ಕಂಪನಿ ಪಾರಾಗದು ಎಂದು ಬೇರೊಂದು ಔಷಧದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿತ್ತು. 2013ರ ಹೊತ್ತಿಗೆ ಫೈಜರ್ 27 ಕೋಟಿ ಡಾಲರಿಗೂ ಮಿಕ್ಕಿ ತೆಗೆದಿಟ್ಟು ಹೆಚ್ಚಿನ ಪ್ರಕರಣಗಳನ್ನು ರಾಜಿಯಲ್ಲಿ ಮುಗಿಸಿತು. ರಾಜಿ ತೀರ್ಪಲ್ಲ, ಮಾತ್ರೆಯ ತಪ್ಪು ಅಲ್ಲಿ ಸಾಬೀತಾಗಲೂ ಇಲ್ಲ, ಸುಳ್ಳಾಗಲೂ ಇಲ್ಲ.

ಉತ್ತರ ಬಂದದ್ದು 2016ರಲ್ಲಿ. ಎಫ್‌ಡಿಎ ಮಾಡಲೇಬೇಕೆಂದ 'ಈಗಲ್ಸ್' ಪ್ರಯೋಗದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದರು, ಸುಮಾರು ಅರ್ಧದಷ್ಟು ಜನ ಮಾನಸಿಕ ಕಾಯಿಲೆ ಇದ್ದವರು. ಕೆಲವರಿಗೆ ವರೆನಿಕ್ಲಿನ್, ಕೆಲವರಿಗೆ ಸಿಗರೇಟ್ ಬಿಡಿಸುವ ಇನ್ನೊಂದು ಮಾತ್ರೆ ಬುಪ್ರೊಪಿಯಾನ್, ಕೆಲವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಉಳಿದವರಿಗೆ ಔಷಧವೇ ಇಲ್ಲದ ಬರೀ ಹುಸಿಮಾತ್ರೆ. ಹುಸಿಮಾತ್ರೆ ನುಂಗಿದವರಿಗಿಂತ ವರೆನಿಕ್ಲಿನ್‌ನವರಲ್ಲಿ ಗಂಭೀರ ಮಾನಸಿಕ ತೊಂದರೆ ಗಣನೀಯವಾಗಿ ಹೆಚ್ಚಿರಲಿಲ್ಲ; ಸಿಗರೇಟ್ ಬಿಟ್ಟವರು ಮಾತ್ರ ಈ ಗುಂಪಿನಲ್ಲೇ ಹೆಚ್ಚು. ಖರ್ಚು ಕೊಟ್ಟದ್ದು ಔಷಧ ಕಂಪನಿಗಳೇ, ಅದನ್ನೂ ನೆನಪಿಡಬೇಕು. ಆ ಡಿಸೆಂಬರಿನಲ್ಲಿ ಚೌಕಟ್ಟು ಹೋಯಿತು. ಎಚ್ಚರಿಕೆಯ ಮಾತು ಒಳಪುಟಗಳಲ್ಲಿ ಉಳಿಯಿತು. 2021ರಲ್ಲಿ ಕ್ಯಾನ್ಸರ್ ತರಬಹುದಾದ ನೈಟ್ರೊಸಮೈನ್ ಎಂಬ ರಾಸಾಯನಿಕ ಸೇರಿಕೊಂಡಿದ್ದರಿಂದ ಫೈಜರ್ ಮಾತ್ರೆಗಳನ್ನು ವಾಪಸ್ ಪಡೆದದ್ದು ಬೇರೆಯೇ ತಕರಾರು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸಾಕಷ್ಟು ಎಚ್ಚರಿಕೆ ಕೊಡದ ತಯಾರಕರ ಮೇಲೆ ಪರಿಹಾರ ಕೇಳಬಹುದು. ಆದರೆ ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕಾದ ವಸ್ತುವಾಗಿದ್ದು, ಆ ತಜ್ಞರಿಗೆ ಎಚ್ಚರಿಕೆ ತಲುಪಿಸಲು ಕಂಪನಿ ತಕ್ಕ ಪ್ರಯತ್ನ ಮಾಡಿದ್ದರೆ, 87ನೇ ಸೆಕ್ಷನ್ ಅದಕ್ಕೆ ವಿನಾಯಿತಿ ಕೊಡುತ್ತದೆ. ಹಾಗಾಗಿ ಹಿಂದೆ ಖಿನ್ನತೆ ಇತ್ತೆ, ಕುಡಿತ ಉಂಟೆ, ಮೂರ್ಛೆ ಬರುತ್ತಿತ್ತೆ ಎನ್ನುವುದನ್ನು ವೈದ್ಯರಿಗೆ ಮೊದಲೇ ಹೇಳಿ, ಚೀಟಿ ಜೋಪಾನವಾಗಿಡುವುದು ಒಳ್ಳೆಯದು. ಮಾತ್ರೆ ತಗೊಂಡ ಮೇಲೆ ಮನಸ್ಸು ಹದ ತಪ್ಪಿದಂತೆನಿಸಿದರೆ ತಕ್ಷಣ ಅವರನ್ನು ಕಾಣಬೇಕು. ಕೋರ್ಟಿಗೆ ಹೋಗುವ ಇರಾದೆ ಇಲ್ಲದವರೂ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ 1800-180-3024 ಉಚಿತ ಸಂಖ್ಯೆಗೆ ಅಡ್ಡಪರಿಣಾಮವನ್ನು ತಾವೇ ತಿಳಿಸಬಹುದು.